ಹಿಂದಿನ ಸೀಟಿನ ಕಾರು, ಮುಂದಿನ ಸೀಟಿನ ಕಾರು

ಅಂಬಾಸಿಡರ್ ಮೇಲೋ ಮಾರುತಿ 800 ಮೇಲೋ ಎಂಬ ಜಗಳ, ಐವತ್ತು ದಾಟಿದ ನಾಲ್ಕು ಜನ ಸೇರಿದಲ್ಲಿ ಇವತ್ತಿಗೂ ಏಳುತ್ತದೆ. ‘ಅದು ಕಬ್ಬಿಣ ಸ್ವಾಮಿ, ಇದು ಬರೀ ತಗಡು’ ಅಂತ ಒಬ್ಬರು. ‘ಅದಕ್ಕೆ ಪೆಟ್ರೋಲ್ ಹಾಕೋ ದುಡ್ಡಲ್ಲಿ ಆನೆ ಸಾಕಬಹುದು’ ಅಂತ ಇನ್ನೊಬ್ಬರು. ಮೈಲೇಜು, ಪಿಕಪ್, ಡಿಕ್ಕಿ, ಗಟ್ಟಿತನ ಎಲ್ಲವೂ ಮಾತಿಗೆ ಬರುತ್ತವೆ. ಬಾರದೇ ಉಳಿಯುವ ಪ್ರಶ್ನೆ ಒಂದಿದೆ: ಕಾರಿನ ಯಜಮಾನರು ಎಲ್ಲಿ ಕೂರುತ್ತಿದ್ದರು? ಅಂಬಾಸಿಡರ್‌ನಲ್ಲಿ ಹಿಂದೆ, ಎಡಗಡೆ ಕಿಟಕಿಯ ಪಕ್ಕ. ಮಾರುತಿಯಲ್ಲಿ ಮುಂದೆ, ಸ್ಟೀರಿಂಗ್ ಹಿಡಿದು. ಎರಡು ಕಾರುಗಳ ನಡುವಿನ ಮಿಕ್ಕ ವ್ಯತ್ಯಾಸಗಳು ಬಹುಪಾಲು ಇಲ್ಲಿಂದಲೇ ಹೊರಡುತ್ತವೆ ಎಂದು ನನ್ನ ಲೆಕ್ಕ.

ವಿಚಿತ್ರವೆಂದರೆ ಅಂಬಾಸಿಡರ್ ಹುಟ್ಟಿದಾಗ ಅದರ ಹಿಂದಿನ ಸೀಟಿಗೆ ಯಾವ ದೊಡ್ಡಸ್ತಿಕೆಯೂ ಇರಲಿಲ್ಲ. ಅದು ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ 1956ರಿಂದ 1959ರವರೆಗೆ ತಯಾರಾದ, ಅಲ್ಲಿನ ಮಧ್ಯಮ ವರ್ಗದವರು ತಾವೇ ಓಡಿಸಿಕೊಂಡು ಹೋಗುತ್ತಿದ್ದ ಸಾಧಾರಣ ಸಂಸಾರದ ಕಾರು. ಬಿ.ಎಂ. ಬಿರ್ಲಾ ಅವರು 1942ರಲ್ಲಿ ಕಟ್ಟಿದ ಹಿಂದೂಸ್ತಾನ್ ಮೋಟಾರ್ಸ್ ಮೊದಲು ಗುಜರಾತಿನ ಓಖಾ ಬಂದರಿನಲ್ಲಿತ್ತು, 1948ರಲ್ಲಿ ಬಂಗಾಳದ ಉತ್ತರಪಾರಕ್ಕೆ ಬಂತು. ಮಾರಿಸ್ ಕಂಪನಿಯ ಕಾರುಗಳನ್ನು ಹಿಂದೂಸ್ತಾನ್ ಟೆನ್, ಲ್ಯಾಂಡ್‌ಮಾಸ್ಟರ್ ಎಂಬ ಹೆಸರುಗಳಲ್ಲಿ ಇಲ್ಲಿ ಮಾಡುತ್ತಿದ್ದ ಅವರು 1957ರಲ್ಲಿ ಸೀರೀಸ್ 3ಕ್ಕೆ ಅಂಬಾಸಿಡರ್ ಎಂದು ಹೆಸರಿಟ್ಟರು. ಇಂಗ್ಲೆಂಡಿನ ಕಾರಿಗೆ ಆಗಲೇ ಹೊಸ ಎಂಜಿನ್ ಬಂದಿದ್ದರೂ ನಮ್ಮದು ಮೊದಲ ಒಂದೆರಡು ವರ್ಷ ಹಳೆಯ ಸೈಡ್ ವಾಲ್ವ್ ಎಂಜಿನ್ ಇಟ್ಟುಕೊಂಡೇ ಓಡಿತು. ಆಮೇಲೆ ಬಂದದ್ದು 1,489 ಸಿ.ಸಿ.ಯ ಎಂಜಿನ್. ಅದು ಒಮ್ಮೆ ಬಾನೆಟ್ಟಿನ ಕೆಳಗೆ ಕೂತದ್ದು ಮೂರು ದಶಕ ಅಲ್ಲಾಡಲಿಲ್ಲ. 1992ರಲ್ಲಿ ಜಪಾನಿನ ಇಸುಝು ಎಂಜಿನ್ ಸೇರುವವರೆಗೂ ಪೆಟ್ರೋಲ್ ಅಂಬಾಸಿಡರ್ ಅಂದರೆ ಅದೇ.

ಸಂಸಾರಸ್ಥರ ಕಾರು ಸಾಹೇಬರ ಕಾರಾದದ್ದು ಹೇಗೆ? ನಮ್ಮ ಸರ್ಕಾರದ ನೀತಿಯಿಂದ. ಹೊರದೇಶದ ಕಾರುಗಳಿಗೆ ಬಾಗಿಲು ಮುಚ್ಚಿತ್ತು. ಇಲ್ಲಿ ಬಿಡಿಭಾಗ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಐವತ್ತರ ದಶಕದಲ್ಲೇ ಗಂಟುಮೂಟೆ ಕಟ್ಟಿದ್ದವು. ಉಳಿದವರು ಅಂಬಾಸಿಡರ್‌ನವರು, ಫಿಯಟ್ ಮಾಡುತ್ತಿದ್ದ ಪ್ರೀಮಿಯರ್‌ನವರು, ಮದರಾಸಿನ ಸ್ಟ್ಯಾಂಡರ್ಡ್‌ನವರು. ಎಷ್ಟು ಕಾರು ಮಾಡಬೇಕೆಂಬುದಕ್ಕೂ ಲೈಸೆನ್ಸು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾದು ಕಾರು ಕೊಳ್ಳಬಲ್ಲವರಿಗೆ ಡ್ರೈವರ್ ಇಟ್ಟುಕೊಳ್ಳುವುದು ಭಾರವಾಗುತ್ತಿರಲಿಲ್ಲ. ಸರ್ಕಾರಿ ಅಧಿಕಾರಿಗಳಿಗಂತೂ ಕಾರಿನ ಜೊತೆಗೇ ಡ್ರೈವರ್ ಬರುತ್ತಿದ್ದ. ಕೌಲಿಯ ಎಂಜಿನಿಯರು ಮನಸ್ಸಿನಲ್ಲೂ ನೆನೆಯದಿದ್ದ ಯಜಮಾನಿಕೆಯನ್ನು ಆ ಹಿಂದಿನ ಸೀಟಿಗೆ ನಾವು ಹೊಲಿಸಿಕೊಟ್ಟೆವು: ಬಿಳಿ ಟವೆಲ್ ಹೊದಿಕೆ, ಕಿಟಕಿಗೆ ಪರದೆ. ಕಾರಿನ ಎತ್ತರ ಸುಮಾರು 1,600 ಮಿಲಿಮೀಟರ್ ಇದ್ದದ್ದರಿಂದ ಪೇಟ ಸುತ್ತಿದವರೂ ತಲೆ ಬಗ್ಗಿಸದೆ ಕೂರಬಹುದಿತ್ತು.

ಹೀಗೆ ಡ್ರೈವರ್ ಇದ್ದೇ ಇರುತ್ತಾನೆ ಎಂದಾದ ಮೇಲೆ ಕಾರು ಅವನಿಂದ ಎಷ್ಟು ದುಡಿಸಿಕೊಂಡರೂ ಯಜಮಾನರಿಗೆ ತಿಳಿಯುವುದಿಲ್ಲ. ಬೆಳಗ್ಗೆ ರೇಡಿಯೇಟರಿಗೆ ನೀರು ನೋಡಬೇಕು. ಆಯಿಲ್ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡಬೇಕು. ಇದು ಶಾಸ್ತ್ರಕ್ಕೆ ಮಾಡುವ ಕೆಲಸವಾಗಿರಲಿಲ್ಲ, ಏಕೆಂದರೆ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಬಿಡದ ಅಂಬಾಸಿಡರ್ ಅಪರೂಪ. ಮುಂದಿನ ಚಕ್ರಗಳ ಕೀಲುಗಳಿಗೆ ಆಗಾಗ ಗ್ರೀಸ್ ಗನ್ನಿನಲ್ಲಿ ಗ್ರೀಸ್ ತುಂಬಬೇಕು, ಮರೆತರೆ ಸ್ಟೀರಿಂಗ್ ಕಲ್ಲಾಗುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿ ಅದರ ಸಂದು ಸರಿ ಮಾಡಬೇಕು. ಹಳೆಯ ಮಾದರಿಗಳಲ್ಲಿ ಸೆಲ್ಫ್ ತೆಗೆದುಕೊಳ್ಳದಿದ್ದರೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು, ಹ್ಯಾಂಡಲ್ ತಿರುಗಿ ಹೊಡೆದರೆ ಮಣಿಕಟ್ಟಿಗೇ ಪೆಟ್ಟು.

ಗೇರಿನ ವಿಚಾರ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಬಾಸಿಡರ್‌ದು ಹ್ಯಾಂಡ್ ಗೇರು. ಸ್ಟೀರಿಂಗಿನ ಕೆಳಗೆ ಕೋಲಿನಂತೆ ಚಾಚಿಕೊಂಡ ಲಿವರ್, ಅದರಿಂದ ಕಂಬದುದ್ದಕ್ಕೆ ಇಳಿದು ಗೇರ್‌ಬಾಕ್ಸ್ ಮುಟ್ಟುವ ಸರಳುಗಳು, ಸರಳಿನ ಒಂದೊಂದು ಗಂಟಿಗೂ ಒಂದು ಬುಷ್. ಬುಷ್ ಸವೆದರೆ ಲಿವರ್ ಒಂದು ಗೇರು ಹೇಳುತ್ತದೆ, ಗೇರ್‌ಬಾಕ್ಸ್ ಇನ್ನೊಂದು ಕೇಳಿಸಿಕೊಳ್ಳುತ್ತದೆ. ನಡುರಸ್ತೆಯಲ್ಲಿ ಗೇರು ಸಿಕ್ಕಿಕೊಂಡಾಗ ಡ್ರೈವರ್ ಇಳಿದು, ಬಾನೆಟ್ ಎತ್ತಿ, ಸರಳುಗಳನ್ನು ಕೈಯಲ್ಲೇ ಅಲ್ಲಾಡಿಸಿ ನ್ಯೂಟ್ರಲ್ಲಿಗೆ ತಂದು, ಕೈ ಒರೆಸಿಕೊಂಡು ಮತ್ತೆ ಬಂದು ಕೂರುವ ದೃಶ್ಯ ಎಂಬತ್ತರ ದಶಕದಲ್ಲಿ ಕಾರು ಕಂಡ ಎಲ್ಲರಿಗೂ ಗೊತ್ತು.

ಆದರೆ ಇದೇ ಹ್ಯಾಂಡ್ ಗೇರಿನಿಂದ ಒಂದು ಲಾಭವೂ ಆಯಿತು. ನೆಲದ ಮೇಲೆ ಗೇರ್ ಕೋಲು ಇಲ್ಲದ್ದರಿಂದ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು. ದಕ್ಷಿಣ ಕನ್ನಡದಲ್ಲೂ ಮಲೆನಾಡಿನಲ್ಲೂ ಬಸ್ಸು ಕಮ್ಮಿ ಇದ್ದ ದಾರಿಗಳಲ್ಲಿ ಬಾಡಿಗೆ ಅಂಬಾಸಿಡರ್‌ಗಳು ಬದುಕಿದ್ದು ಈ ಬೆಂಚಿನ ಮೇಲೆ. ಡ್ರೈವರಿನ ಎಡಕ್ಕೆ ಮೂವರು ಸಾಲದೆಂದು ಅವನ ಬಲಕ್ಕೆ, ಬಾಗಿಲಿಗೆ ಆನಿಸಿ ಇನ್ನೊಬ್ಬರು. ಡ್ರೈವರ್ ಅರ್ಧ ಕುಂಡೆಯಲ್ಲಿ ಕೂತು, ಸ್ಟೀರಿಂಗನ್ನು ಓರೆಯಾಗಿ ಹಿಡಿದು ಘಾಟಿ ಹತ್ತಿಸುತ್ತಿದ್ದ. ಆರ್.ಸಿ. ಪುಸ್ತಕದಲ್ಲಿ ಬರೆದ ಸಂಖ್ಯೆಗೂ ಒಳಗೆ ಕೂತ ತಲೆಗಳಿಗೂ ಸಂಬಂಧವಿರಲಿಲ್ಲ. ಹಿಂದಿನ ಪ್ಲೇಟ್ ಸ್ಪ್ರಿಂಗುಗಳು ಎಷ್ಟು ಭಾರ ಹೇರಿದರೂ ಬಗ್ಗಿ ಕೊಡುತ್ತಿದ್ದವು. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್, ಅಂದರೆ ಉದ್ದನೆಯ ಉಕ್ಕಿನ ಸರಳು. ಚಕ್ರ ಗುಂಡಿಗಿಳಿದು ಎದ್ದಾಗ ಸರಳು ತಿರುಚಿಕೊಂಡು ಬಿಚ್ಚಿಕೊಳ್ಳುತ್ತದೆ. ಗುಂಡಿಯ ರಸ್ತೆಯಲ್ಲಿ ಅಂಬಾಸಿಡರ್ ತೇಲಿದ ಹಾಗೆ ಹೋಗುತ್ತದೆ ಎಂದು ಹಿಂದೆ ಕೂತವರು ಹೊಗಳುವುದಕ್ಕೆ ಈ ಸರಳುಗಳೂ 15 ಇಂಚಿನ ಚಕ್ರಗಳೂ ಕಾರಣ. ತಿರುವಿನಲ್ಲಿ ಅದನ್ನು ಎಳೆದು ತಿರುಗಿಸುತ್ತಿದ್ದವನನ್ನು ಯಾರೂ ಕೇಳಲಿಲ್ಲ.

ಮಾರುತಿಯ ಕಥೆಯ ಮೊದಲ ಅಧ್ಯಾಯ ರಾಜಕೀಯ. ಸಂಜಯ ಗಾಂಧಿಯವರ ಸಣ್ಣ ಕಾರಿನ ಕಂಪನಿ 1971ರಲ್ಲಿ ಶುರುವಾಗಿ, ಕಾರು ಮಾರುವ ಮೊದಲೇ ಮುಳುಗಿತು. ಅದರ ಜಾಗದ ಮೇಲೆ 1981ರಲ್ಲಿ ಸರ್ಕಾರವೇ ಮಾರುತಿ ಉದ್ಯೋಗ್ ಕಟ್ಟಿತು. ಬಿ.ಎಚ್.ಇ.ಎಲ್. ನಡೆಸಿದ್ದ ವಿ. ಕೃಷ್ಣಮೂರ್ತಿ ಅದನ್ನು ವಹಿಸಿಕೊಂಡರು. 1982ರ ಅಕ್ಟೋಬರಿನಲ್ಲಿ ಸುಝುಕಿ ಜೊತೆ ಒಪ್ಪಂದವಾಯಿತು. ಹದಿನಾಲ್ಕು ತಿಂಗಳಲ್ಲಿ, 1983ರ ಡಿಸೆಂಬರ್ 14ರಂದು, ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗಿಟ್ಟರು. ಬೆಲೆ 47,500 ರೂಪಾಯಿ. ಹರ್‌ಪಾಲ್ ಸಿಂಗ್ ಇಂಡಿಯನ್ ಏರ್‌ಲೈನ್ಸ್ ನೌಕರ. ಮೊದಲ ಗಿರಾಕಿ ಸಂಬಳದಾರ ಎನ್ನುವುದು ನನಗೆ ಬೆಲೆಗಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ.

ಆ ಕಾರು ಜಪಾನಿನಲ್ಲಿ 1979ರಲ್ಲಿ ಬಂದ ಸುಝುಕಿ ಆಲ್ಟೊದ ಒಡಹುಟ್ಟು. ಒಸಾಮು ಸುಝುಕಿ ಅವರು ಆಲ್ಟೊ ಮಾಡಿಸಿದ್ದು ಪೇಟೆಗೆ ಹೋಗಿಬರುವ ಗೃಹಿಣಿಯರನ್ನು, ಸಣ್ಣ ವ್ಯಾಪಾರಿಗಳನ್ನು ಕಣ್ಣಮುಂದಿಟ್ಟುಕೊಂಡು. ತೆರಿಗೆ ಉಳಿಸಲು ಅದನ್ನು ಸರಕು ಗಾಡಿಯ ಲೆಕ್ಕಕ್ಕೆ ಸೇರಿಸಿ ಜಪಾನಿನ ಉದ್ದಗಲಕ್ಕೂ 4,70,000 ಯೆನ್ನಿನ ಒಂದೇ ಬೆಲೆಗೆ ಮಾರಿದರು. ಅಲ್ಲಿನ ನಿಯಮಕ್ಕೆ ತಕ್ಕಂತೆ ಎಂಜಿನ್ 550 ಸಿ.ಸಿ.ಯೊಳಗಿತ್ತು. ಹೊರದೇಶಕ್ಕೆಂದು 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿದರು, ನಮಗೆ ಬಂದದ್ದು ಅದು. ಡ್ರೈವರ್ ಇಟ್ಟುಕೊಳ್ಳುವ ಯೋಚನೆಯೇ ಇಲ್ಲದವರಿಗೆ ಮಾಡಿದ ಕಾರು. ಹಾಗಾಗಿ ಸ್ಟೀರಿಂಗ್ ಹಗುರ, ಕ್ಲಚ್ ಹಗುರ, ಗೇರ್ ಕೋಲು ಕೈಗೆ ಸಿಗುವಂತೆ ನೆಲದ ಮೇಲೆ. ಬಾನೆಟ್ ತೆಗೆಯದೆ ತಿಂಗಳು ಕಳೆಯಬಹುದು. ನಮ್ಮ ಊರುಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಡ್ರೈವಿಂಗ್ ಕಲಿತದ್ದು ಈ ಕಾರಿನಲ್ಲೇ. ಡ್ರೈವಿಂಗ್ ಸ್ಕೂಲಿನ ‘ಎಲ್’ ಬೋರ್ಡು ಬಹುಕಾಲ ಮಾರುತಿಯ ನೆತ್ತಿ ಬಿಟ್ಟಿರಲಿಲ್ಲ.

ಇಷ್ಟು ಪುಟ್ಟ ಕಾರಿನಲ್ಲಿ ನಾಲ್ಕು ಜನ ಹಿಡಿಸಿದ್ದರ ಗುಟ್ಟು ಎಂಜಿನ್ ಕೂತ ರೀತಿಯಲ್ಲಿದೆ. ಅಂಬಾಸಿಡರ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಸಾಗುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಕಾರಿನ ಉದ್ದ ಸುಮಾರು 4.3 ಮೀಟರ್. ಮಾರುತಿಯಲ್ಲಿ ಎಂಜಿನ್ ಅಡ್ಡಕ್ಕೆ ತಿರುಗಿದೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೇ ಅಂಟಿಕೊಂಡಿದೆ, ಎಳೆಯುವುದು ಮುಂದಿನ ಚಕ್ರ. ಹೊಟ್ಟೆಯ ಕೆಳಗೆ ಶಾಫ್ಟ್ ಇಲ್ಲ, ಒಳಗೆ ಕಾಲಿಡುವಲ್ಲಿ ಉಬ್ಬು ಕಮ್ಮಿ. 1986ರ ದುಂಡು ಮೈಯ ಮಾದರಿಯ ಉದ್ದ 3,335 ಮಿಲಿಮೀಟರ್, ಅಂಬಾಸಿಡರ್‌ಗಿಂತ ಸುಮಾರು ಒಂದು ಮೀಟರ್ ಗಿಡ್ಡ.

ಈ ಅಡ್ಡ ಎಂಜಿನ್ನಿನ ಉಪಾಯ ಎಲ್ಲಿಂದ ಬಂತು ಅಂತ ನೋಡಿದರೆ ನಗು ಬರುತ್ತದೆ. ಅದನ್ನು ಜಗತ್ತಿಗೆ ಒಪ್ಪಿಸಿದ್ದು 1959ರಲ್ಲಿ ಬಂದ ಮಿನಿ. ಅದರ ಶಿಲ್ಪಿ ಅಲೆಕ್ ಇಸಿಗೋನಿಸ್. ಮಿನಿ ತಂದ ಕಂಪನಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ನಮಗೆ ಆಕ್ಸ್‌ಫರ್ಡ್ ಕೊಟ್ಟ ಅದೇ ಮಾರಿಸ್ ಮನೆತನ! ಗೇರ್‌ಬಾಕ್ಸನ್ನು ಎಂಜಿನ್ನಿನ ಪಕ್ಕಕ್ಕೆ ಜೋಡಿಸಿ ಉಪಾಯವನ್ನು ಹಸನು ಮಾಡಿದವರು ಇಟಲಿಯ ಫಿಯಟ್ ಕಂಪನಿಯ ಡಾಂಟೆ ಜಕೋಸಾ. ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿನ ಮೂಲವಾದ ಫಿಯಟ್ 1100 ಕೂಡ ಅವರದೇ ಕೈಕೆಲಸ. ಅಂಬಾಸಿಡರ್, ಪದ್ಮಿನಿ ಎರಡನ್ನೂ ಮೂಲೆಗೆ ತಳ್ಳಿದ ವಿದ್ಯೆ ಅವುಗಳ ತವರುಮನೆಯಲ್ಲೇ ಹುಟ್ಟಿ, ಜಪಾನು ಸುತ್ತಿ, ಮಾರುತಿ ಕಾರ್ಖಾನೆಯ ಗುಡಗಾಂವಿಗೆ ಬಂದಿಳಿಯಿತು.

ಇನ್ನು ಪಿಕಪ್ಪಿನ ಜಗಳ. ಅಂಬಾಸಿಡರ್‌ನ 1,489 ಸಿ.ಸಿ. ಎಂಜಿನ್ನಿನ ಶಕ್ತಿ ಸುಮಾರು 50 ಅಶ್ವಶಕ್ತಿ, ಕಾರಿನ ತೂಕ 1,100 ಕಿಲೋ ಆಸುಪಾಸು. ಒಂದೊಂದು ಕುದುರೆಯ ಪಾಲಿಗೆ 22 ಕಿಲೋ. ಮಾರುತಿಯದು 37 ಅಶ್ವಶಕ್ತಿ, ತೂಕ 650 ಕಿಲೋ ಎಂದಿಟ್ಟುಕೊಳ್ಳಿ. ಕುದುರೆಗೆ ಹದಿನೇಳೂವರೆ ಕಿಲೋ. ಒಬ್ಬರೇ ಕೂತು ಸಿಗ್ನಲ್ ಬಿಟ್ಟಾಗ ಮಾರುತಿ ಚಂಗನೆ ಜಿಗಿಯುವುದು ಇದಕ್ಕೇ. ಈಗ ಎರಡಕ್ಕೂ ಐದು ಜನರನ್ನು ಹತ್ತಿಸಿ, 350 ಕಿಲೋ ಹೇರಿ. ಅಂಬಾಸಿಡರ್‌ನಲ್ಲಿ ಕುದುರೆಗೆ 29 ಕಿಲೋ ಆಗುತ್ತದೆ, ಮಾರುತಿಯಲ್ಲಿ 27. ಮುಂದಿದ್ದ ಮುನ್ನಡೆ ಹೆಚ್ಚುಕಡಿಮೆ ಕರಗಿ ಹೋಯಿತು. ಮೇಲಾಗಿ ದೊಡ್ಡ ಎಂಜಿನ್ ನಿಧಾನಕ್ಕೆ ತಿರುಗುವಾಗಲೂ ಎಳೆಯುತ್ತದೆ, ಸಣ್ಣದನ್ನು ಚೀರಿಸಿಯೇ ಎಳೆಸಬೇಕು. ಮನೆಮಂದಿ ತುಂಬಿಕೊಂಡು ಏಸಿ ಹಾಕಿ ಚಾರ್ಮಾಡಿ ಘಾಟಿ ಹತ್ತುವ ಮಾರುತಿ ಏದುಸಿರು ಬಿಡುವುದಕ್ಕೂ, ಪಕ್ಕದಲ್ಲಿ ಒಂಬತ್ತು ಜನ ತುಂಬಿದ ಅಂಬಾಸಿಡರ್ ಗೊಣಗುತ್ತಾ ಆದರೂ ಹತ್ತುವುದಕ್ಕೂ ಈ ಲೆಕ್ಕವೇ ಕಾರಣ. ಜಗಳವಾಡುವ ಇಬ್ಬರೂ ತಮ್ಮ ತಮ್ಮ ಸವಾರಿಯ ಮಟ್ಟಿಗೆ ಸುಳ್ಳು ಹೇಳುತ್ತಿಲ್ಲ.

ಕಬ್ಬಿಣ-ತಗಡಿನ ವಾದಕ್ಕೆ ಮಾತ್ರ ನಾನು ಒಪ್ಪಲಾರೆ. ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿಸ್ ಇದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ. ಮಾರುತಿಯಂತೆ ಅದೂ ತಗಡಿನ ಮೈಯನ್ನೇ ಬೆನ್ನೆಲುಬಾಗಿ ಮಾಡಿಕೊಂಡ ಕಾರು. ತಗಡು ದಪ್ಪ, ಅಷ್ಟೆ. ದಪ್ಪ ತಗಡು ಗುದ್ದಿದಾಗ ಸುಕ್ಕಾಗುವುದಿಲ್ಲ ಎನ್ನುವುದು ನೋಡಲು ಚೆನ್ನ. ಆದರೆ ಗುದ್ದಿನ ಬಲವನ್ನು ಕಾರು ನುಂಗದಿದ್ದರೆ ಒಳಗಿದ್ದವರು ನುಂಗಬೇಕು. ಇಂದಿನ ಕಾರುಗಳ ಮೂತಿ ಬೇಕೆಂದೇ ಮಡಚಿಕೊಳ್ಳುವಂತೆ ಇರುವುದು ಇದಕ್ಕಾಗಿ. ಗಟ್ಟಿ ಸ್ಟೀರಿಂಗ್ ಕಂಬ, ಬೆಲ್ಟ್ ಇಲ್ಲದ ಬೆಂಚು, ಇವನ್ನು ನೆನೆದರೆ ಅಂಬಾಸಿಡರ್‌ನ ಸುರಕ್ಷತೆಯ ಮಾತು ಅರ್ಧ ಭ್ರಮೆ. ಮಾರುತಿಯ ಮೂತಿಯೋ, ಮಡಚಿಕೊಳ್ಳಲು ಜಾಗವೇ ಇಲ್ಲದಷ್ಟು ಗಿಡ್ಡ. ಈ ಒಂದು ವಿಷಯದಲ್ಲಿ ಎರಡಕ್ಕೂ ಅಂಕ ಕೊಡುವಂತಿಲ್ಲ.

ಸಣ್ಣ ಕಾರಿನ ಆಸೆ ಬೆಂಗಳೂರಿಗೂ ಇತ್ತೆಂಬುದನ್ನು ಇಲ್ಲಿ ಹೇಳದೆ ಹೋಗಲಾರೆ. ಎಪ್ಪತ್ತರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಕಂಪನಿ ಮೂರು ಚಕ್ರದ, ಫೈಬರ್ ಮೈಯ ಬಾದಲ್ ಎಂಬ ಕಾರು ಮಾಡಿತ್ತು. ಮುಂದೆ ಸಿಪಾನಿ ಹೆಸರಿನಲ್ಲಿ, ಮಾರುತಿಗಿಂತ ತುಸು ಮೊದಲೇ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧರಿಸಿದ ಡಾಲ್ಫಿನ್ ತಂದಿತು. ಎರಡು ಬಾಗಿಲು, ಫೈಬರ್ ಮೈ, ಹಗುರ. ಓಡಿಸಿದವರು ಖುಷಿಪಟ್ಟರು, ರ್‍ಯಾಲಿಗಳಲ್ಲೂ ಓಡಿತು. ಆದರೆ ನಾಲ್ಕು ಬಾಗಿಲಿನ ಮಾರುತಿ, ಸುಝುಕಿಯ ಕಾರ್ಖಾನೆ ಶಿಸ್ತು ಮತ್ತು ಸರ್ಕಾರದ ಬೆಂಬಲ ಮೂರನ್ನೂ ಎದುರಿಸಿ ನಿಲ್ಲುವುದು ಅದರಿಂದಾಗಲಿಲ್ಲ.

ರಿಪೇರಿ ವಿಷಯಕ್ಕೆ ಬಂದರೆ ಅಂಬಾಸಿಡರ್ ಕಡೆಯವರ ವಾದಕ್ಕೆ ನಿಜವಾದ ತೂಕವಿದೆ. ಯಾವ ಸಂತೆ ಊರಿನಲ್ಲೂ ಅದನ್ನು ಬಿಚ್ಚಿ ಕಟ್ಟಬಲ್ಲವನೊಬ್ಬ ಇರುತ್ತಿದ್ದ. ಎಂಜಿನ್ ಸುತ್ತ ಕೈಯಾಡಿಸಲು ಬೇಕಾದಷ್ಟು ಜಾಗ. ಸವೆದ ಸಿಲಿಂಡರ್ ಬೋರ್ ಮಾಡಿಸಿ ಮತ್ತೆ ಓಡಿಸಬಹುದು, ಸಿಗದ ಭಾಗವನ್ನು ಲೇತ್‌ನಲ್ಲಿ ಕಡೆಸಬಹುದು, ಟಿಂಕರಿಂಗ್ ಮಾಡುವವನು ಸುತ್ತಿಗೆಯಲ್ಲೇ ಮಡ್‌ಗಾರ್ಡ್ ಎಬ್ಬಿಸಿಕೊಡುತ್ತಿದ್ದ. ಮಾರುತಿ ಬಂದ ಹೊಸದರಲ್ಲಿ ಇದೇ ಮೆಕ್ಯಾನಿಕ್‌ಗಳು ಬಾನೆಟ್ ತೆಗೆದು ನೋಡಿ ‘ಇದಕ್ಕೆ ಕೈ ಹಾಕೋಕೆ ಜಾಗ ಎಲ್ಲಿದೆ ಸಾರ್’ ಎಂದು ನಗುತ್ತಿದ್ದರು. ಕೆಟ್ಟ ಭಾಗವನ್ನು ಸರಿಪಡಿಸುವುದಲ್ಲ, ಬದಲಿಸುವುದು ಎಂಬ ಪದ್ಧತಿ ಆಗ ಶುರುವಾಯಿತು. ಕಂಪನಿಯ ಸರ್ವಿಸ್ ಸ್ಟೇಷನ್, ಜೆನ್ಯುಯಿನ್ ಪಾರ್ಟು, ಇಷ್ಟು ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್ ಬದಲಿಸಿ ಎಂಬ ಪುಸ್ತಕ. ಗ್ಯಾರೇಜಿನವರು ಬೇಗನೆ ಅದನ್ನೂ ಕಲಿತರು ಅನ್ನಿ. ಆದರೂ ರಿಪೇರಿಗೆ ಸುಲಭ ಎಂಬ ಗುಣ, ಮೇಲಿಂದ ಮೇಲೆ ರಿಪೇರಿಗೆ ಬರುವ ಕಾರಿಗೆ ಮಾತ್ರ ದೊಡ್ಡ ಗುಣವಾಗುತ್ತದೆ. ಯಂತ್ರವಾಗಿ ನೋಡಿದರೆ ಮಾರುತಿಯೇ ಮೇಲು. ಈ ಮಾತಿಗೆ ಬಯ್ಯುವವರು ಬಯ್ಯಲಿ.

ಗತ್ತಿನ ವಿಷಯದಲ್ಲಿ ಮಾತ್ರ ಮಾರುತಿ ಅಂಬಾಸಿಡರ್ ಹತ್ತಿರಕ್ಕೂ ಸುಳಿಯಲಿಲ್ಲ. ಎಂಬತ್ತರ, ತೊಂಬತ್ತರ ದಶಕಗಳಲ್ಲಿ ಊರೆಲ್ಲ ಮಾರುತಿಯಾದರೂ ವಿಧಾನಸೌಧದ ಮೆಟ್ಟಿಲ ಮುಂದೆ, ಜಿಲ್ಲಾಧಿಕಾರಿ ಕಚೇರಿಯ ಅಂಗಳದಲ್ಲಿ ಬಿಳಿ ಅಂಬಾಸಿಡರ್‌ಗಳೇ ಸಾಲುಗಟ್ಟಿದ್ದವು. ನೆತ್ತಿಯ ಮೇಲೆ ಕೆಂಪು ದೀಪವಿದ್ದರೆ ಗೇಟು ತಾನಾಗಿ ತೆರೆಯುತ್ತಿತ್ತು. ಒಳಗಿರುವವರ ಮುಖ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಆವರಣಕ್ಕೆ ನುಗ್ಗಿದ ಉಗ್ರರು ಬಂದದ್ದು ಕೆಂಪು ದೀಪದ ಬಿಳಿ ಅಂಬಾಸಿಡರ್‌ನಲ್ಲಿ, ಗೃಹ ಇಲಾಖೆಯ ನಕಲಿ ಸ್ಟಿಕ್ಕರ್ ಅಂಟಿಸಿಕೊಂಡು. ಯಾವ ಕಾರಿಗೆ ನಮ್ಮ ಕಾವಲುಗಾರರು ಸಲಾಂ ಹೊಡೆಯುತ್ತಾರೆಂಬುದು ಅವರಿಗೂ ಗೊತ್ತಿತ್ತು.

ಎರಡೂ ಕಾರುಗಳಿಗೆ ಕೊನೆಗಾಲ ಬಂದದ್ದು ಒಂದೇ ವರ್ಷ, 2014ರಲ್ಲಿ. 2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 4 ಹೊಗೆ ನಿಯಮ ಬೆಂಗಳೂರೂ ಸೇರಿ 13 ನಗರಗಳಲ್ಲಿ ಜಾರಿಯಾದಾಗ ಅಲ್ಲೆಲ್ಲ ಮಾರುತಿ 800 ಮಾರಾಟ ನಿಂತಿತು. ಆ ಎಂಜಿನ್ನಿಗೆ ಮತ್ತೆ ದುಡ್ಡು ಸುರಿಯುವುದು ಕಂಪನಿಗೆ ಬೇಡವಾಗಿತ್ತು, ಆಲ್ಟೊ ಆಗಲೇ ಅದರ ಜಾಗ ಹಿಡಿದಿತ್ತು. 2014ರ ಜನವರಿ 18ಕ್ಕೆ ಕಾರ್ಖಾನೆಯಲ್ಲೂ ನಿಂತಿತು. ಅಷ್ಟರಲ್ಲಿ ತಯಾರಾದದ್ದು 28 ಲಕ್ಷಕ್ಕೂ ಹೆಚ್ಚು. ಅದೇ ವರ್ಷದ ಮೇ 24ರಂದು ಉತ್ತರಪಾರದ ಕಾರ್ಖಾನೆ ಕೆಲಸ ನಿಲ್ಲಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಬಿಬಿಸಿಯ ಟಾಪ್ ಗೇರ್ ತಂಡ ಅಂಬಾಸಿಡರನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಹಾಡಿ ಹೊಗಳಿತ್ತು. ಹೊಗಳಿದವರು ಬಹಳ, ಕೊಂಡವರು ವರ್ಷಕ್ಕೆ ಎರಡು ಸಾವಿರ ಚಿಲ್ಲರೆ. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೊ 80 ಕೋಟಿ ರೂಪಾಯಿಗೆ ಕೊಂಡುಕೊಂಡಿತು.

ಈಗ ಎರಡನ್ನೂ ಹಳೆಯ ಕಾರುಗಳ ಮೆರವಣಿಗೆಯಲ್ಲಿ ನೋಡುವ ಕಾಲ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ವಾಹನಕ್ಕೆ ವಿಂಟೇಜ್ ಪಟ್ಟ. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಎಪ್ಪತ್ತರ ದಶಕದ ಮೊದಲ ಭಾಗದ ಅಂಬಾಸಿಡರ್‌ಗಳು ಆಗಲೇ ಅರ್ಹವಾಗಿವೆ. ಅತಿ ಹಳೆಯ ಮಾರುತಿಯೂ 2033ರ ಡಿಸೆಂಬರ್‌ವರೆಗೆ ಕಾಯಬೇಕು. ಆಗ ಎಷ್ಟು ಉಳಿದಿರುತ್ತವೆ ಎಂಬುದೇ ಪ್ರಶ್ನೆ. ಅಂಬಾಸಿಡರನ್ನು ಅಜ್ಜನ ಕಾರೆಂದು ಶೆಡ್ಡಿನಲ್ಲಿ ಇಟ್ಟುಕೊಂಡವರಿದ್ದಾರೆ, ಮಾರುತಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸತು ತಂದವರೇ ಹೆಚ್ಚು. ಅದರಲ್ಲೂ 1983ರಿಂದ 1986ರವರೆಗೆ ಬಂದ ಚೌಕ ಮೂತಿಯ ಎಸ್‌ಎಸ್80 ಬೀದಿಯಲ್ಲಿ ಕಾಣುವುದೇ ಇಲ್ಲ. ಹರ್‌ಪಾಲ್ ಸಿಂಗ್ ಅವರ ಕಾರನ್ನು ಕಂಪನಿ ಹೊಸದರಂತೆ ಮಾಡಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿದೆ. ನಿಮ್ಮ ನೆಂಟರಿಷ್ಟರ ಮನೆ ಹಿತ್ತಲಿನಲ್ಲಿ ಅಂಥದ್ದೊಂದು ಧೂಳು ಹಿಡಿದು ನಿಂತಿದ್ದರೆ ಗುಜರಿಯವನನ್ನು ಕರೆಯುವ ಮುಂಚೆ ಕಾಲೊರೆಸು ಎತ್ತಿ ನೆಲದ ತಗಡು ನೋಡಿ, ಬಾಗಿಲ ಕೆಳಗಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಎಂಜಿನ್ ಕೆಟ್ಟಿದ್ದರೆ ಚಿಂತೆಯಿಲ್ಲ, ಅದೇ ಎಂಜಿನ್ ಮಾರುತಿ ವ್ಯಾನಿನಲ್ಲೂ ಇತ್ತು, ಭಾಗಗಳು ಸಿಗುತ್ತವೆ. ಆ ಮೂತಿಯ ಮಡ್‌ಗಾರ್ಡು, ದೀಪದ ಗಾಜು ಮಾತ್ರ ಸಿಗುವುದು ಕಷ್ಟ.